ಏನೂ ಗೊತ್ತಿಲ್ಲದ ಮೇಷ್ಟ್ರು

ಬೋಧನಾ ಅಭ್ಯಾಸದಲ್ಲಿ ಅದು ನನ್ನ ಏಳನೆಯ ಪಾಠ. ಎಂಟನೆಯ ತರಗತಿ, ಸೌರವ್ಯೂಹ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ‘ಸರ್, ಉಂಗುರ ಶನಿಗೆ ಮಾತ್ರ ಇರೋದಾ?’ ಎಂದು ಕೇಳಿದ. ಪಾಠ ಯೋಜನೆಯಲ್ಲಿ ಈ ಪ್ರಶ್ನೆ ಇರಲಿಲ್ಲ. ಬಿ.ಎಸ್ಸಿ.ಯಲ್ಲಿ ಎಲ್ಲೋ ಓದಿದ್ದೆ, ಆ ಕ್ಷಣಕ್ಕೆ ನೆನಪಾಗಲಿಲ್ಲ. ‘ಹೌದು, ಶನಿಗೆ ಮಾತ್ರ’ ಎಂದೆ, ಗಟ್ಟಿ ದನಿಯಲ್ಲಿ. ಮಕ್ಕಳು ಬರೆದುಕೊಂಡರು. ಅಂದಿನ ವೀಕ್ಷಣಾ ಹಾಳೆಯಲ್ಲಿ ನನಗೆ ಸಿಕ್ಕ ಷರಾ: ‘ಪ್ರಶ್ನೆಗಳಿಗೆ ಆತ್ಮವಿಶ್ವಾಸದಿಂದ ಉತ್ತರಿಸಿದ್ದಾರೆ.’

ರಾತ್ರಿ ತೆಗೆದು ನೋಡಿದರೆ ಗುರು, ಯುರೇನಸ್, ನೆಪ್ಚೂನ್‌ಗಳಿಗೂ ಉಂಗುರಗಳಿವೆ. ನಾಚಿಕೆಯಿಂದ ಶನಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಕೂತಾಗ ವಿಲ್ ಹೇ ಎಂಬ ಹೆಸರು ಎದುರಾಯಿತು. 1933ರ ಆಗಸ್ಟ್ 3ರಂದು ಶನಿಯ ಮೇಲೆ ದೊಡ್ಡದೊಂದು ಬಿಳಿ ಮಚ್ಚೆ ಕಾಣಿಸಿಕೊಂಡಿದ್ದನ್ನು ಪತ್ತೆ ಮಾಡಿದವರು ಇವರು. ವೃತ್ತಿಯಿಂದ ಇಂಗ್ಲೆಂಡಿನ ಹಾಸ್ಯನಟ. ಅವರಿಗೆ ಹೆಸರು ತಂದ ಪಾತ್ರ ಯಾವುದೆಂದರೆ, ಏನೂ ಗೊತ್ತಿಲ್ಲದ ಶಾಲಾ ಮೇಷ್ಟ್ರು!

ರಂಗದ ಮೇಲೆ ಶುರುವಾದ ಆ ಮೇಷ್ಟ್ರು 1935ರ ‘ಬಾಯ್ಸ್ ವಿಲ್ ಬಿ ಬಾಯ್ಸ್’, 1937ರ ‘ಗುಡ್ ಮಾರ್ನಿಂಗ್, ಬಾಯ್ಸ್’ ಚಿತ್ರಗಳಿಗೆ ಬಂದರು, 1944ರಲ್ಲಿ ಬಿಬಿಸಿ ರೇಡಿಯೋಗೂ ಹೋದರು. ಚಿತ್ರಗಳನ್ನು ಹುಡುಕಿ ನೋಡಿದೆ. ಆ ಇಂಗ್ಲಿಷ್ ನನಗೆ ಅರ್ಧ ತಿಳಿಯಿತು, ಮುಖ ಪೂರ್ತಿ ತಿಳಿಯಿತು. ಮೂಗಿನ ತುದಿಯಲ್ಲಿ ಕನ್ನಡಕ, ಮೈಮೇಲೆ ಕರಿ ಗೌನು. ಹುಡುಗ ಪ್ರಶ್ನೆ ಕೇಳುತ್ತಾನೆ. ಮೇಷ್ಟ್ರು ಒಮ್ಮೆ ಮೂಗು ಎಳೆದು, ಕನ್ನಡಕದ ಮೇಲಿಂದ ದಿಟ್ಟಿಸಿ, ಉತ್ತರ ಗೊತ್ತಿದ್ದೂ ಹೇಳದವರ ಗತ್ತಿನಲ್ಲಿ ಪ್ರಶ್ನೆಯನ್ನು ಹುಡುಗನಿಗೇ ತಿರುಗಿಸುತ್ತಾರೆ. (ಸೂಕ್ಷ್ಮ ಬೋಧನೆಯಲ್ಲಿ ಇದನ್ನೇ ಕೌಶಲವೆಂದು ಕಲಿಸಿ ನಮಗೆ ಅಂಕ ಕೊಡುತ್ತಾರೆ.) ಹುಡುಗರಿಗೆ ಮೇಷ್ಟ್ರ ಬಂಡವಾಳ ಗೊತ್ತು, ಅವರಿಗೆ ಗೊತ್ತೆಂದು ಮೇಷ್ಟ್ರಿಗೂ ಗೊತ್ತು, ಆದರೂ ಇಬ್ಬರೂ ತರಗತಿ ನಡೆಸಿಕೊಂಡು ಹೋಗಬೇಕು. ನಗು ಹುಟ್ಟುವುದು ಅಲ್ಲಿ. ನಾನು ನಗುತ್ತಲೇ ನೋಡುತ್ತಿದ್ದೆ, ಆದರೆ ಆ ಮೂಗೆಳೆತದ ಕ್ಷಣ ಬಂದಾಗಲೆಲ್ಲ ಏಳನೆಯ ಪಾಠ ನೆನಪಾಗುತ್ತಿತ್ತು.

ದೂರದರ್ಶಕದ ಮುಂದಿನ ಹೇ ಬೇರೆಯೇ ಮನುಷ್ಯ. ಲಂಡನ್ನಿನ ನಾರ್ಬರಿಯ ಮನೆಯಿಂದ 6 ಅಂಗುಲದ ದೂರದರ್ಶಕದಲ್ಲಿ ಮಚ್ಚೆ ಕಂಡಾಗ ಅವರು ತಮ್ಮ ಕಣ್ಣೊಂದನ್ನೇ ನಂಬಲಿಲ್ಲ. ಸ್ಟೀವನ್‌ಸನ್ ಎಂಬ ಅನುಭವಿ ವೀಕ್ಷಕರಿಗೆ ತಿಳಿಸಿದರು. ಅವರೂ ನೋಡಿ ಖಚಿತಪಡಿಸಿದರು. ಖಗೋಳದ ವಲಯದಲ್ಲಿ ಡಬ್ಲ್ಯು. ಟಿ. ಹೇ ಎಂದು ಸಹಿ ಮಾಡುತ್ತಿದ್ದರು, ನಟನ ಖ್ಯಾತಿಯನ್ನು ಅಲ್ಲಿಗೆ ಎಳೆಯಲಿಲ್ಲ. ಗೊತ್ತಿದೆಯೆಂಬ ನಟನೆ ಎಷ್ಟು ನಗೆಪಾಟಲೆಂದು ಅವರಷ್ಟು ಬಲ್ಲವರು ಯಾರಿದ್ದರು?

ನಮ್ಮ ವೀಕ್ಷಣಾ ಹಾಳೆಯ ಬಗ್ಗೆ ನನ್ನ ತಕರಾರು ಇಷ್ಟೇ. ಕಪ್ಪುಹಲಗೆಗೆ ಅಂಕವಿದೆ, ಧ್ವನಿಗೆ ಅಂಕವಿದೆ, ಆತ್ಮವಿಶ್ವಾಸಕ್ಕೂ ಇದೆ. ‘ನನಗೆ ಖಚಿತವಿಲ್ಲ, ನೋಡಿ ನಾಳೆ ಹೇಳುತ್ತೇನೆ’ ಎಂದವರಿಗೆ ಏನೂ ಇಲ್ಲ. ನನಗೆ ಷರಾ ಬರೆದವರನ್ನು ದೂರುತ್ತಿಲ್ಲ. ಹಾಳೆ ಕೇಳಿದ್ದಕ್ಕೆ ಅವರು ಉತ್ತರ ಬರೆದರು. ಹಾಗೆ ಹೇಳಿದ ಪ್ರಶಿಕ್ಷಣಾರ್ಥಿ ಮರುದಿನ ನಿಜಕ್ಕೂ ಉತ್ತರ ತಂದರೇ ಎಂದು ಕೇಳುವ ಒಂದು ಸಾಲು ಆ ಹಾಳೆಯಲ್ಲಿ ಬರಬೇಕು. ‘ಮೇಷ್ಟ್ರಿಗೇ ಗೊತ್ತಿಲ್ಲವಂತೆ’ ಎಂದು ಮಕ್ಕಳು ಸಸಾರ ಮಾಡುತ್ತಾರೆ ಎನ್ನುವ ಸಹಪಾಠಿಗಳಿದ್ದಾರೆ. ಮಾಡಬಹುದು, ಒಂದು ದಿನ. ತಪ್ಪು ವಾಕ್ಯ ನೋಟ್‌ಬುಕ್ಕಿನಲ್ಲಿ ಅದಕ್ಕಿಂತ ಹೆಚ್ಚು ದಿನ ಉಳಿಯುತ್ತದೆ.

ಎಂಟನೆಯ ಪಾಠಕ್ಕೆ ಹೋದಾಗ ಮೊದಲು ಹಲಗೆಯ ಮೇಲೆ ನಾಲ್ಕು ಗ್ರಹಗಳ ಹೆಸರು ಬರೆದು, ‘ನಿನ್ನೆ ನಾನು ಹೇಳಿದ್ದು ತಪ್ಪು, ಹೊಡೆದುಹಾಕಿ’ ಎಂದೆ. ತರಗತಿ ಸುಮ್ಮನಾಯಿತು. ಅದೇ ಹಿಂದಿನ ಬೆಂಚಿನವನು ಎದ್ದ: ‘ಸರ್, ನೀಲಿ ಪೆನ್ನಲ್ಲೋ ಕೆಂಪು ಪೆನ್ನಲ್ಲೋ?’