ಸೊಂಟಕ್ಕೆ ಕತ್ತಿ ಯಾಕೆ ಅಂತ ಕೇಳಿದವರಿಗೆ

ಹೋದ ತಿಂಗಳು ನಮ್ಮನೆ ಸತ್ಯನಾರಾಯಣ ಪೂಜೆ ದಿನ ಊಟ ಮುಗಿಸಿ ಎಲ್ಲರೂ ಜಗಲಿ ಮೇಲೆ ಕೂತ್ಕಂಡು ಎಲೆ ಅಡಿಕೆ ಹಾಕ್ತಿದ್ದಾಗ ದೊಡ್ಡತ್ತಿಗೆ ಒಂದು ಮಾತು ಅಂದರು. "ಅಲ್ವೇ, ನೀನು ಕತ್ತಿ ಸಿಕ್ಕಿಸ್ಕಂಡು ತಿರುಗೋದು ಸಾಲದು ಅಂತ ಸೊಸೆ ಸೊಂಟಕ್ಕೂ ಒಂದು ಕಟ್ಟಿದೀಯಂತಲ್ಲ. ಎಂತ, ಯಕ್ಷಗಾನದ ಮೇಳ ಕಟ್ಟೋ ಅಂದಾಜಾ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಪೂಜೆ ಆದ ಮನೇಲಿ ವಾದ ಮಾಡ್ತಾ ಕೂರೋದು ಚಂದ ಅಲ್ಲ. ಆದ್ರೆ ರಾತ್ರಿ ಪಾತ್ರೆ ತೊಳೀತಾ ಇದ್ದಾಗ ಉತ್ತರ ಎಲ್ಲ ಸಾಲುಗಟ್ಟಿ ಬಂತು. ನಂದು ಯಾವಾಗ್ಲೂ ಹಂಗೇ, ಜನ ಎದ್ದು ಹೋದ ಮೇಲೆ ಮಾತು ಬರೋದು. ಅದಕ್ಕೇ ಬರೀತಿದೀನಿ. ದೊಡ್ಡತ್ತಿಗೆ, ನೀವೂ ಇದನ್ನ ಓದ್ತೀರಿ ಅಂತ ಗೊತ್ತು. ಸಿಟ್ಟು ಮಾಡ್ಕಬೇಡಿ, ಪೂರ್ತಿ ಓದಿ.

ನಾನು ಹೇಳೋದು ಇಷ್ಟೇ. ನಮ್ಮ ಹಂಗೆ ತೋಟ, ಕೊಟ್ಟಿಗೆ, ಬ್ಯಾಣ ಅಂತ ಬದುಕೋ ಹೆಂಗಸು ಅಂಗಳ ದಾಟೋವಾಗ ಮೈಮೇಲೆ ಎರಡು ಸಾಮಾನು ಇರಬೇಕು. ಒಂದು ಕತ್ತಿ, ಒಂದು ಬ್ಯಾಟರಿ. ಮೈಮೇಲೆ ಅಂದ್ರೆ ಮೈಮೇಲೇ. ಕೊಟ್ಟಿಗೆ ಗಳಕ್ಕೆ ಸಿಕ್ಕಿಸಿದ್ದು, ಬಚ್ಚಲೊಲೆ ಹತ್ರ ಇಟ್ಟಿದ್ದು ಲೆಕ್ಕಕ್ಕಿಲ್ಲ.

ನಮ್ಮನೇಲಿ ಒಟ್ಟು ಆರು ಕತ್ತಿ ಇದ್ದವು. ಮದುವೆಯಾಗಿ ಬಂದು ಸುಮಾರು ಮೂವತ್ತು ವರ್ಷ ನಾನು ಅವನ್ನ ಎಣಿಸಿದವಳೇ ಅಲ್ಲ. ಯಜಮಾನರು ಬೆಳಿಗ್ಗೆ ತಿಂಡಿ ತಿಂದು ಎದ್ದ ಕೂಡ್ಲೇ ಸೊಂಟಕ್ಕೆ ಕೊಕ್ಕೆ ಕಟ್ಟಿ ಕತ್ತಿ ಸಿಕ್ಕಿಸ್ಕಂಡೇ ಮೆಟ್ಟಲು ಇಳಿಯೋದು. ಎಂತಾದ್ರೂ ಕಡಿಯೋ ಕೆಲಸ ಇದ್ಯಾ ಇಲ್ವಾ ಅಂತ ಯೋಚನೆ ಮಾಡಲ್ಲ. ಅದು ಅಂಗಿ ಹಾಕ್ಕಂಡ ಹಂಗೆ. ಮಾವ ಹಂಗೇ ಇದ್ದರು, ಕೆಲಸಕ್ಕೆ ಬರೋ ಆಳುಗಳೂ ಹಂಗೇ. ನಾನು? ಸೊಪ್ಪಿಗೆ ಹೋಗ್ಬೇಕಾದ್ರೆ ಸೊಪ್ಪಿನ ಕತ್ತಿ ತಗಂಡು ಹೋಗ್ತಿದ್ದೆ, ಬಂದು ಜಾಗದಲ್ಲಿ ಇಡ್ತಿದ್ದೆ. ದನ ಹೊಡ್ಕಂಡು ಬರೋಕೆ ಹೋಗ್ಬೇಕಾದ್ರೆ ಬರೀ ಕೈ. ನಮ್ಮ ಪಾಲಿಗೆ ಅಂತ ಖಾಯಂ ಬಂದಿದ್ದು ಮೆಟ್ಟುಗತ್ತಿ ಒಂದೇ. ಅದು ಕೂತಲ್ಲೇ ಕೂತಿರೋದು, ಅದರ ಮೇಲೆ ಕಾಲಿಟ್ಟು ನಾವೂ ಕೂತಿರಬೇಕು.

ಈಗ ಕರುವಿನ ಕತೆ ಹೇಳ್ತೀನಿ. ಕೆಲವರಿಗೆ ಗೊತ್ತಿದೆ, ಆದ್ರೆ ಪೂರ್ತಿ ನಾನು ಯಾರ ಹತ್ರನೂ ಹೇಳಿಲ್ಲ.

2019ರ ಆಗಸ್ಟ್, ಆ ದೊಡ್ಡ ಮಳೆ ವರ್ಷ. ಒಂದು ದಿನ ಮಧ್ಯಾಹ್ನ ಸ್ವಲ್ಪ ಹೊಳವಾಯ್ತು ಅಂತ ಗೌರಿ ದನನ್ನೂ ಅದರ ಏಳು ತಿಂಗಳ ಕರನ್ನೂ ಮನೆ ಹಿಂದಿನ ಬ್ಯಾಣದಲ್ಲಿ ಕಟ್ಟಿ ಬಂದಿದ್ದೆ. ಯಜಮಾನರು ಪೇಟೆಗೆ ಹೋಗಿದ್ರು. ಮೂರು ಗಂಟೆಗೆ ಮತ್ತೆ ಮೋಡ ಕಟ್ಟಿ ಜಡಿಮಳೆ ಶುರುವಾಯ್ತು. ಸೀರೆ ಮೇಲೆ ಯಜಮಾನರ ಹಳೇ ಫುಲ್‌ತೋಳಿನ ಅಂಗಿ, ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕ್ಕಂಡು ಹೋದೆ. ಹೋಗಿ ನೋಡಿದ್ರೆ ದರೆ ಅಂಚಿನ ಮಣ್ಣು ಕುಸಿದು ಕರ ಕೆಳಗೆ ಜಾರಿದೆ. ಹಗ್ಗ ಮೇಲಿನ ಕುಂಟೆಗೆ ಬಿಗಿದು ಕೂತಿದೆ. ಹಿಂದಿನ ಕಾಲು ನೆಲಕ್ಕೆ ತಾಗ್ತಾ ಇದೆ, ಮುಂದಿನ ಕಾಲು ಗಾಳೀಲಿ. ಕುತ್ತಿಗೆ ಹಗ್ಗದಲ್ಲಿ.

ಕೆಳಗೆ ಇಳಿದು ಹೆಗಲು ಕೊಟ್ಟು ಎತ್ತಿದೆ. ಎತ್ತಿದಾಗ ಉಸಿರು ಎಳೀತು. ಆದ್ರೆ ಎತ್ತಿ ಹಿಡಿಯೋಕೆ ಎರಡು ಕೈ ಬೇಕು, ಗಂಟು ಬಿಚ್ಚೋಕೆ ಇನ್ನೆರಡು ಕೈ ಬೇಕು. ನೈಲಾನ್ ಹಗ್ಗ, ನೆಂದಿದೆ, ಭಾರಕ್ಕೆ ಗಂಟು ಕಲ್ಲಾಗಿದೆ. ಹಲ್ಲಲ್ಲಿ ಕಚ್ಚಿ ನೋಡಿದೆ. ಮೇಲೆ ಹತ್ತಿ ಕುಂಟೆ ಹತ್ರದ ಗಂಟು ನೋಡಿದೆ, ಅದೂ ಅಷ್ಟೇ. ಅಂಗಿ ಜೇಬಲ್ಲಿ ಫೋನಿತ್ತು. ಒದ್ದೆ ಬೆರಳಿಗೆ ಪರದೆ ಸರಿಯೋದೇ ಇಲ್ಲ ಮಾರಾಯ್ತಿ! ಒರೆಸಿ ಒರೆಸಿ ಹೆಂಗೋ ತೆಗೆದರೆ ನೆಟ್‌ವರ್ಕ್ ಇಲ್ಲ. ಕೂಗಿದೆ. ಆ ಮಳೆ ಶಬ್ದದಲ್ಲಿ ನಂಗೇ ನನ್ನ ದನಿ ಕೇಳಲಿಲ್ಲ. ಕಡೆಗೆ ಅದನ್ನ ಹಂಗೇ ಬಿಟ್ಟು ಓಡಿದೆ. ತೋಟದ ದಾರಿ, ಸಂಕ, ಪಾಚಿ ಕಟ್ಟಿದ ಮೆಟ್ಟಲು. ಕೊಟ್ಟಿಗೆಯಿಂದ ಕತ್ತಿ ತಗಂಡು ವಾಪಸ್ ಓಡಿದೆ. ಹೋಗಿ ಬರೋಕೆ ಹತ್ತು ನಿಮಿಷ ಆಗಿರಬೇಕು.

ಒಂದೇ ಏಟಿಗೆ ಹಗ್ಗ ತುಂಡಾಯ್ತು. ಆದ್ರೆ ಕರ ಹೋಗಿತ್ತು.

ಗೌರಿ ಮೂರು ದಿನ ಕೂಗ್ತು. ಆಮೇಲೆ ಸರಿಯಾಗಿ ಹಾಲು ಇಳಿಸಲೇ ಇಲ್ಲ.

ಆಗ ಬಂದವರೆಲ್ಲ ಆಡಿದ ಮಾತು ನಂಗೆ ಇನ್ನೂ ನೆನಪಿದೆ. ಒಬ್ಬರು ಅಂದ್ರು, ಆ ಮಳೇಲಿ ಒಬ್ಬಳೇ ಯಾಕೆ ಹೋಗ್ಬೇಕಿತ್ತು ಅಂತ. ಇನ್ನೊಬ್ಬರು, ನೈಲಾನ್ ಹಗ್ಗ ಕಟ್ಟಬಾರದಿತ್ತು ಅಂತ. ಅದು ಸರಿಯೇ, ಒಪ್ಪಿದೆ, ಈಗ ಕಟ್ಟಲ್ಲ. ಮತ್ತೊಬ್ಬರು, ಅದರ ಆಯಸ್ಸು ಅಷ್ಟೇ ಇತ್ತು ಬಿಡು ಅಂತ. ಒಬ್ಬರಾದ್ರೂ "ನಿನ್ನ ಹತ್ರ ಕತ್ತಿ ಯಾಕಿರಲಿಲ್ಲ" ಅಂತ ಕೇಳಲಿಲ್ಲ. ಅವತ್ತು ನನ್ನ ಬದಲು ಯಜಮಾನರು ಹೋಗಿದ್ರೆ ಕರ ಬದುಕ್ತಿತ್ತು. ಅವರಿಗೆ ನನಗಿಂತ ಬುದ್ಧಿ ಜಾಸ್ತಿ ಅಂತಲ್ಲ, ಶಕ್ತಿ ಜಾಸ್ತಿ ಅಂತಲೂ ಅಲ್ಲ. ಸೊಂಟದಲ್ಲಿ ಕತ್ತಿ ಇರ್ತಿತ್ತು, ಅಷ್ಟೇ. ಇದು ನಂಗೆ ಗೊತ್ತಾಗೋಕೆ ಒಂದು ವಾರ ಬೇಕಾಯ್ತು. ಗೊತ್ತಾದ ದಿನ ಕೊಟ್ಟಿಗೇಲಿ ಕೂತು ಅತ್ತೆ. ಕರ ಸತ್ತ ದಿನ ಅಷ್ಟು ಅತ್ತಿರಲಿಲ್ಲ.

ದೊಡ್ಡತ್ತಿಗೆ, ಕತ್ತಿ ಗಂಡಸರ ಸಾಮಾನು ಅಂತೀರಲ್ಲ, ಒಂದು ಕೇಳ್ತೀನಿ. ಬಾಣಂತಿ ಕೋಣೇಲಿ ದಿಂಬಿನಡಿಗೆ ಕತ್ತಿ ಇಡೋದು ಯಾರು? ನೀವೇ. ನನ್ನ ಎರಡೂ ಬಾಣಂತನದಲ್ಲಿ ನೀವೇ ಬಂದು ಇಟ್ಟಿರಿ. ಕಣ್ಣಿಗೆ ಕಾಣದ್ದಕ್ಕೆ ಹೆದರಿ ಹೆಂಗಸಿನ ತಲೆಯಡಿಗೆ ಕಬ್ಬಿಣ ಇಡಬಹುದು, ಕಣ್ಣಿಗೆ ಕಾಣೋ ಹಗ್ಗಕ್ಕೆ, ಬಳ್ಳಿಗೆ, ಮುಳ್ಳಿಗೆ ಅಂತ ಸೊಂಟಕ್ಕೆ ಇಟ್ಕಂಡ್ರೆ ವೇಷ ಆಗ್ತದಾ? ಆಯುಧಪೂಜೆ ದಿನ ಅವನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿ, ಒರೆಸಿ, ಕುಂಕುಮ ಇಡೋದು ನಾವೇ. ಮಾರನೇ ದಿನ ಅವು ಯಾರ ಸೊಂಟಕ್ಕೆ ಹೋಗ್ತವೆ ನೋಡಿ.

ಇದು ಹೊಸ ಫ್ಯಾಷನ್ನೂ ಅಲ್ಲ. ನನ್ನ ಅಮ್ಮನ ಎಲೆಸಂಚಿ ನೆನಪು ಮಾಡ್ಕಳಿ. ಸೊಂಟಕ್ಕೆ ಸಿಕ್ಕಿಸಿದ್ರೆ ರಾತ್ರಿ ಮಲಗೋವಾಗಲೇ ತೆಗೆಯೋದು. ಅದರೊಳಗೆ ಅಡಕತ್ತರಿ. ಅಡಿಕೆ ಕತ್ತರಿಸೋಕೆ ಅಂತ ಹೆಸರು, ಆದ್ರೆ ಹಗ್ಗ, ಬಾಳೆಪಟ್ಟೆ, ಮೊಮ್ಮಕ್ಕಳ ಪೊಟ್ಟಣದ ದಾರ, ಎಲ್ಲಾನೂ ಅದರಲ್ಲೇ ಕತ್ತರಿಸ್ತಿದ್ದಳು. ಸುಣ್ಣದ ಡಬ್ಬಿ ಎಲೆಗೂ ಆಯ್ತು, ಉಂಬಳ ಹತ್ತಿದ್ರೆ ಬಿಡಿಸೋಕೂ ಆಯ್ತು. ಹೊಗೆಸೊಪ್ಪೂ ಹಂಗೇ. ಕೈಬಳೇಲಿ ಎರಡು ಮೂರು ಪಿನ್ನು ತೂಗ್ತಿರೋವು, ಮುಳ್ಳು ತೆಗೆಯೋಕೆ. ಅವಳ ಕಾಲದ ಹೆಂಗಸರು ಯಾರೂ ಬರೀ ಕೈಯಲ್ಲಿ ಇರಲಿಲ್ಲ. ಎಲೆ ಅಡಿಕೆ ಬಿಟ್ಟಿದ್ದು ಒಳ್ಳೇದೇ ಆಯ್ತು, ಬಾಯಿಗೆ ಒಳ್ಳೇದು. ಆದ್ರೆ ಸಂಚಿಯನ್ನೂ ಅದರ ಜೊತೆಗೇ ಬಿಟ್ಟೆವು. ಆಮೇಲೆ ನೈಟಿ ಬಂತು. ನೈಟಿ ಹೊಲಿಯೋ ಪುಣ್ಯಾತ್ಮರು ಎದೆ ಮೇಲೆ ಕಸೂತಿ ಹಾಕ್ತಾರೆ, ತೋಳಿಗೆ ಲೇಸ್ ಹಾಕ್ತಾರೆ, ಒಂದು ಗಟ್ಟಿ ಜೇಬು ಇಡೋಕೆ ಮಾತ್ರ ಬಟ್ಟೆ ಸಾಲೋದಿಲ್ಲ. ಯಜಮಾನರ ಅಂಗೀಲಿ ಇರೋದು ಎದೆ ಮೇಲಿನ ಜೇಬು. ಬಗ್ಗಿದ್ರೆ ಫೋನು ಬಸಿಗಾಲುವೆಗೆ. ನಂದು ಒಂದು ಹಂಗೇ ಹೋಯ್ತು.

ಫೋನಲ್ಲೇ ಎಲ್ಲಾ ಇದ್ಯಲ್ಲ, ಬ್ಯಾಟರಿ ಬೇರೆ ಯಾಕೆ ಅಂತ ನನ್ನ ಮಗನೇ ಕೇಳ್ತಾನೆ. ಅವನು ಬೆಂಗಳೂರಲ್ಲಿ ಫ್ಲಾಟಿನ ಮೆಟ್ಟಲು ಹತ್ತೋಕೆ ಅದು ಸಾಕು. ನಮ್ಮಲ್ಲಿ ಬೇಸಿಗೇಲಿ ತ್ರೀಫೇಸ್ ಕರೆಂಟು ರಾತ್ರಿ ಬಂತು ಅಂದ್ರೆ ರಾತ್ರಿಯೇ ಹೋಗಿ ಮೋಟರ್ ಹಾಕ್ಬೇಕು, ಸ್ಪ್ರಿಂಕ್ಲರ್ ಜೆಟ್ ಬದಲಿಸಬೇಕು. ಫೋನಿನ ಬೆಳಕು ಕಾಲ ಬುಡದಲ್ಲಿ ಹರಡಿ ಅಲ್ಲೇ ಸಾಯ್ತದೆ. ನಾಲ್ಕು ಹೆಜ್ಜೆ ಮುಂದೆ ದಾರೀಲಿ ಬಿದ್ದಿರೋದು ಸೋಗೆಯಾ, ಕೊಳಕುಮಂಡಲವಾ ಅಂತ ಗೊತ್ತಾಗೋದು ಬ್ಯಾಟರಿ ಬೆಳಕಲ್ಲಿ. ಮಳೆಗಾಲದಲ್ಲಿ ನಾಲ್ಕು ದಿನ ಕರೆಂಟ್ ಇಲ್ಲದಾಗ ಫೋನಲ್ಲಿ ಬೆಳಕು ಮಾಡ್ಕಂಡು ತಿರುಗಿದ್ರೆ, ಯಾರಿಗಾದ್ರೂ ಹುಷಾರಿಲ್ಲ ಅಂತ ಫೋನ್ ಮಾಡೋ ಹೊತ್ತಿಗೆ ಚಾರ್ಜ್ ಇರಲ್ಲ. ಅದಕ್ಕೆ ಬೆಳಕಿನ ಕೆಲಸ ಬ್ಯಾಟರಿಗೆ, ಮಾತಿನ ಕೆಲಸ ಫೋನಿಗೆ. ನಮ್ಮನೇಲಿ ಈಗ ತಲೆಗೆ ಕಟ್ಟೋ ಬ್ಯಾಟರಿ ಎರಡು ಇವೆ. ಕಟ್ಕಂಡ್ರೆ ಒಂದು ಕೈಗೆ ಕೋಲು, ಇನ್ನೊಂದು ಕೈ ಖಾಲಿ. ಚಂದ ಕಾಣಲ್ಲ, ನಿಜ. ಕತ್ತಲಲ್ಲಿ ನೋಡೋರು ಯಾರು?

ಹಾವಿನ ಮಾತು ಬಂತಲ್ಲ, ಹೇಳ್ಬಿಡ್ತೀನಿ. ಕತ್ತಿ ಇದೆ ಅಂತ ಹಾವು ಕಚ್ಚಿದ ಜಾಗ ಕೊಯ್ಯೋಕೆ ಹೋಗ್ಬೇಡಿ. ಗಟ್ಟಿ ಕಟ್ಟೋದೂ ಬೇಡ, ಬಾಯಲ್ಲಿ ಹೀರೋದೂ ಬೇಡ. ಕಚ್ಚಿದ ಕಾಲನ್ನ ಅಲ್ಲಾಡಿಸದೆ ನೇರ ಆಸ್ಪತ್ರೆಗೆ, ಚುಚ್ಚುಮದ್ದು ಅಲ್ಲೇ ಇರೋದು. ಕಾಟಿ, ಹಂದಿ ಎದುರಾದ್ರೂ ಕತ್ತಿ ಉಪಯೋಗಕ್ಕಿಲ್ಲ, ಸುಮ್ನೆ ಹಿಂದೆ ಸರಿಯೋದೇ. ಕೆಲವರು "ಒಂಟಿ ಹೆಂಗಸು, ಧೈರ್ಯಕ್ಕೆ ಒಂದು ಕತ್ತಿ ಇರ್ಲಿ" ಅಂತ ನನ್ನ ಪರವಾಗಿ ಮಾತಾಡ್ತಾರೆ. ಅವರ ಮಾತೂ ನಂಗೆ ಬೇಡ. ಇದು ಧೈರ್ಯದ ವಿಷಯ ಅಲ್ಲ, ಹಗ್ಗ ಕೊಯ್ಯೋ ವಿಷಯ.

ಮಗ ನನ್ನ ಹಟ ನೋಡಿ ಆನ್‌ಲೈನಲ್ಲಿ ಒಂದು ಚಾಕು ತರಿಸಿಕೊಟ್ಟ. ಅಂಗೈಯಷ್ಟಿದೆ, ಒಳಗೆ ಹದಿನಾಲ್ಕು ಸಾಮಾನು. ಕತ್ತರಿ, ಗರಗಸ, ತಿರುಪುಳಿ, ಬಾಟ್ಲಿ ಮುಚ್ಚಳ ತೆಗೆಯೋದು, ಮೀನಿನ ಪೊರೆ ತೆಗೆಯೋದು. ಪ್ರೀತಿಯಿಂದ ತಂದಿದ್ದು, ಬೈಯೋದಿಲ್ಲ. ಆದ್ರೆ ಅದನ್ನ ಉಗುರಲ್ಲಿ ಎಬ್ಬಿಸಿ ಬಿಚ್ಚಬೇಕು. ಸಗಣಿ ಕೈಲಿ, ಮಳೇಲಿ, ಗಡಿಬಿಡೀಲಿ ಬಿಚ್ಚೋಕೆ ಹೋದ್ರೆ ಮೊದಲು ಬರೋದು ಬಾಟ್ಲಿ ಮುಚ್ಚಳ ತೆಗೆಯೋದೇ. ಈಗ ಅದು ಶೋಕೇಸಲ್ಲಿ ಚನ್ನಪಟ್ಟಣದ ಬೊಂಬೆ ಪಕ್ಕ ಕೂತಿದೆ.

ಸೊಸೆ ಮಾತ್ರ ಒಂದು ಸರಿಯಾದ ತಕರಾರು ತೆಗೆದಳು. "ಅತ್ತೆ, ಗಂಡಸ್ರ ಹಂಗೆ ಬರೀ ಕತ್ತಿನ ಕೊಕ್ಕೇಲಿ ನೇತು ಹಾಕ್ಕಂಡು ಪಾಚೀಲಿ ಜಾರಿ ಬಿದ್ರೆ ಬೆನ್ನಿಗೇ ಹೊಕ್ಕೀತು" ಅಂದಳು. ಇದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಗಂಡಸರೂ ಹಂಗೆ ಹೋಗಬಾರದು, ಸ್ಕೂಟರಲ್ಲೂ ಹಂಗೇ ಕೂತು ಹೋಗ್ತಾರೆ, ನೋಡಿದ್ರೆ ಜೀವ ಹೋಗ್ತದೆ. ಅವಳೇ ಯೋಚನೆ ಮಾಡಿ ಹಳೇ ಟಯರ್ ಟ್ಯೂಬ್ ಕತ್ತರಿಸಿ, ಎರಡು ಪದರ ಮಾಡಿ, ಅಂಚಿಗೆ ತಂತಿ ಹೊಲಿದು ಒರೆ ಮಾಡಿದಳು. ಈಗ ಇಬ್ಬರದ್ದೂ ಒರೆಯೊಳಗೇ ಇರೋದು. ಅವಳು ಎಂ.ಕಾಂ. ಓದಿದವಳು, ನಾನು ಪಿಯುಸಿ. ಅವಳ ಒರೆ ಇಲ್ಲದಿದ್ರೆ ನನ್ನ ವಾದ ಅರ್ಧವೇ ಆಗ್ತಿತ್ತು.

ಉಳಿದ ಸಾಮಾನು ನಿಮ್ಮ ನಿಮ್ಮ ಅನುಕೂಲ. ಬಳೆಗೆ ಪಿನ್ನು, ಒಂದು ಮಾರು ಗಟ್ಟಿ ದಾರ, ಮಳೆಗಾಲದಲ್ಲಿ ಉಂಬಳಕ್ಕೆ ಉಪ್ಪಿನ ಪೊಟ್ಟಣ. ಚಳಿಗಾಲ ಶುರುವಾದ ಮೇಲೆ ಕಾಡಿನ ಕಡೆ ದರಗು ತರೋಕೆ ಹೋಗೋರು ಆಶಾ ಕಾರ್ಯಕರ್ತೆ ಕೊಡೋ ಎಣ್ಣೆ ಕೈಕಾಲಿಗೆ ಹಚ್ಚಿಕೊಂಡೇ ಹೋಗಿ. ಮಂಗನ ಕಾಯಿಲೆ ಮೊದಲು ಕಂಡಿದ್ದೇ 1957ರಲ್ಲಿ ನಮ್ಮ ಜಿಲ್ಲೆ ಸೊರಬದ ಕ್ಯಾಸನೂರು ಕಾಡಲ್ಲಿ, ಇನ್ನೂ ಬಿಟ್ಟಿಲ್ಲ. ಇಷ್ಟು ಸಾಕು. ಸಿಕ್ಕಿದ್ದೆಲ್ಲ ಕಟ್ಕಂಡು ಹೊರಟ್ರೆ ಎರಡೇ ದಿನಕ್ಕೆ ಭಾರ ಅಂತ ಎಲ್ಲವನ್ನೂ ಬಿಟ್ಟು ಹೋಗ್ತೀರಿ, ಕತ್ತಿಯನ್ನೂ ಸೇರಿಸಿ.

ಇನ್ನು ಕತ್ತಿ ಎಂಥದು ಬೇಕು ಅಂತ. ಯಜಮಾನರದ್ದೇ ಒಂದು ಎತ್ಕಂಡು ಕಟ್ಕಳೋದು ಬೇಡ, ನಾನು ಆರು ತಿಂಗಳು ಹಂಗೇ ಮಾಡಿ ಮಣಿಕಟ್ಟು ನೋಯಿಸ್ಕಂಡೆ. ಅದರ ಹಿಡಿ ಅವರ ಮುಷ್ಟಿಗೆ ಮಾಡಿದ್ದು, ನಮ್ಮ ಕೈಲಿ ತಿರುಗ್ತದೆ. ಪೇಟೇಲಿ ಆಚಾರಿ ಹತ್ರ ಹೋಗಿ ಸಣ್ಣದು ಮಾಡ್ಕೊಡಿ ಅಂದಾಗ ಅವರು ಮೊದಲು ಕೇಳಿದ್ದು "ಮಕ್ಕಳಿಗಾ ಅಮ್ಮಾ?" ಅಂತ. ನಂಗೆ ಅಂದೆ. ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ನನ್ನ ಕೈ ಹಿಡಿದು ನಾಲ್ಕು ಬೆರಳಿನ ಅಗಲ ದಾರದಲ್ಲಿ ಅಳೆದರು. ಜೀಪಿನ ಪ್ಲೇಟಿಂದ ಬಡಿದು ಕೊಟ್ಟರು. ಸ್ಟೀಲಿನ ಹಂಗೆ ಹೊಳೆಯಲ್ಲ, ಒರೆಸದಿದ್ರೆ ತುಕ್ಕು ಹಿಡೀತದೆ, ಆದ್ರೆ ಮನೆ ಕಲ್ಲಲ್ಲೇ ಮಸೆದ್ರೂ ಅಲಗು ಬರ್ತದೆ. ತೂಕ ಇರೋದೇ ಗೊತ್ತಾಗಲ್ಲ. ಕಟ್ಟದೇ ಹೋದ ದಿನ ಗೊತ್ತಾಗ್ತದೆ.

ಅವರಿಗೂ ವಯಸ್ಸಾಯ್ತು, ಕುಲುಮೆ ಹಾಕೋದು ಈಗ ವಾರಕ್ಕೆ ಎರಡೇ ದಿನ. ದೀಪಾವಳಿ ಒಳಗೆ ನಾಲ್ಕು ಕತ್ತಿ ಮಾಡಿಸೋಕೆ ಹೇಳಿದೀನಿ. ಪಕ್ಕದ ಮನೆ ಅಕ್ಕನಿಗೆ ಒಂದು, ಅವರ ಮಗಳಿಗೆ ಒಂದು, ಚಿಕ್ಕಮ್ಮನಿಗೆ ಒಂದು. ನಾಲ್ಕನೇದು ಯಾರಿಗೆ ಅಂತ ಇನ್ನೂ ಹೇಳಿಲ್ಲ. ದೊಡ್ಡತ್ತಿಗೆ, ಭಾವ ಮಂಡಿನೋವು ಅಂತ ಮೂಲೆ ಹಿಡಿದ ಮೇಲೆ ದಿನಾ ಸಂಜೆ ದನ ಹೊಡ್ಕಂಡು ಬರೋಕೆ ಹೋಗ್ತಿರೋದು ನೀವೇ ಅಂತ ನಂಗೆ ಗೊತ್ತು. ಮುಷ್ಟಿ ಅಳತೆ ದಾರದಲ್ಲಿ ಗಂಟು ಹಾಕಿ ಯಾರ ಕೈಲಾದ್ರೂ ಕಳಿಸಿ. ಒರೆ ಸೊಸೆ ಮಾಡ್ಕೊಡ್ತಾಳಂತೆ.