ಬ್ಯಾಟರಿ ವಿದ್ಯೆ: ಮೊಬೈಲು ಹೇಳಿದ್ದೆಲ್ಲ ವೇದವೆ?

ಸಂಜೆ ಬಸ್ಸಿಗೆ ಕಾಯುವ ಜನರ ಕೈಯಲ್ಲಿ ಈಗ ಪೇಪರಿಗಿಂತ ಮೊಬೈಲೇ ಹೆಚ್ಚು. ಅದರಲ್ಲಿ ಬರುವ ಉಪದೇಶಕ್ಕೂ ಬರವಿಲ್ಲ. 'ಫೋನು ಪೂರ್ತಿ ಸತ್ತ ಮೇಲೇ ಚಾರ್ಜಿಗೆ ಹಾಕಿ' ಎನ್ನುವವನೊಬ್ಬ. 'ಅಷ್ಟು ಇಳಿಯಲು ಬಿಡಲೇಬೇಡಿ' ಎನ್ನುವವನು ಇನ್ನೊಬ್ಬ. 'ಇನ್ವರ್ಟರ್ ಬ್ಯಾಟರಿ ಸೊರಗಿತೆ? ಒಂದಿಷ್ಟು ಆಸಿಡ್ ಸುರಿಯಿರಿ, ಹೊಸದಾಗುತ್ತೆ' ಎನ್ನುವ ಮಹಾನುಭಾವ ಮತ್ತೊಬ್ಬ. ಲಕ್ಷ ಜನ ನೋಡಿದ್ದಾರೆ ಎಂಬ ಒಂದೇ ಕಾರಣಕ್ಕೆ ಇದೆಲ್ಲ ಸತ್ಯವಾಗಿಬಿಡುತ್ತದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ!

ನಷ್ಟ ಯಾರಿಗೆ? ವಿಡಿಯೊ ಮಾಡಿದವನಿಗಲ್ಲ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇನ್ವರ್ಟರ್ ಇಟ್ಟುಕೊಂಡ ವ್ಯಾಪಾರಿಗೆ. ಚೀಲದಲ್ಲಿ ಪವರ್ ಬ್ಯಾಂಕು ಹಾಕಿಕೊಂಡು ತುಂಬಿದ ಬಸ್ಸಿನಲ್ಲಿ ನಿಲ್ಲುವ ನೌಕರನಿಗೆ. ದುಡ್ಡೂ ಅವರದೇ, ಮೈ ಸುಟ್ಟರೆ ಚರ್ಮವೂ ಅವರದೇ.

ಹಾಗಂತ ಮೊಬೈಲಿನಲ್ಲಿ ಬರುವುದೆಲ್ಲ ಸುಳ್ಳೂ ಅಲ್ಲ. ಬೆಳ್ಳಗಿರುವುದರಲ್ಲಿ ಹಾಲು ಯಾವುದು, ಸುಣ್ಣದ ನೀರು ಯಾವುದು ಎಂದು ನೋಡಿಕೊಳ್ಳಬೇಕಷ್ಟೆ. ಅದಕ್ಕೆ ಇಂಜಿನಿಯರಿಂಗ್ ಓದಬೇಕಿಲ್ಲ. ನಾಲ್ಕು ಪ್ರಶ್ನೆ ಕೇಳಿದರೆ ಸಾಕು.

ಮೊದಲನೆಯದು, ಇದು ಯಾವ ಬ್ಯಾಟರಿಯ ಮಾತು? ಪೂರ್ತಿ ಖಾಲಿ ಮಾಡಿ ಚಾರ್ಜ್ ಮಾಡಿ ಎಂಬ ಬುದ್ಧಿವಾದ ಹುಟ್ಟಿದ್ದು ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದಲ್ಲಿ. ಲಿಥಿಯಂ-ಅಯಾನ್ ಬ್ಯಾಟರಿ ಮಾರುಕಟ್ಟೆಗೆ ಬಂದದ್ದು 1991ರಲ್ಲಿ. ಇಂದಿನ ಫೋನಿನಲ್ಲಿರುವುದು ಈ ಜಾತಿಯದು. ಪದೇ ಪದೇ ಪೂರ್ತಿ ಬರಿದು ಮಾಡಿದರೆ ಇದರ ಆಯಸ್ಸೇ ಕಡಿಮೆ. ಇನ್ವರ್ಟರಿನ ಸೀಸ-ಆಸಿಡ್ ಬ್ಯಾಟರಿಯದು ಮತ್ತೊಂದು ಸ್ವಭಾವ. ತಿಂಗಳುಗಟ್ಟಲೆ ಅಂಗಡಿ ಮುಚ್ಚುವುದಾದರೆ ಅದನ್ನು ಪೂರ್ತಿ ಚಾರ್ಜ್ ಮಾಡಿಡಬೇಕು. ಖಾಲಿ ಬಿಟ್ಟರೆ ಒಳಗಿನ ಪ್ಲೇಟುಗಳ ಮೇಲೆ ಸಲ್ಫೇಟ್ ಕಟ್ಟಿಕೊಳ್ಳುತ್ತದೆ. ಲಿಥಿಯಂ ಬ್ಯಾಟರಿಯನ್ನಾದರೋ ಅರ್ಧ ಚಾರ್ಜಿನಲ್ಲಿ, ತಂಪಾದ ಜಾಗದಲ್ಲಿಡುವುದೇ ಮೇಲು. ಒಂದಕ್ಕೆ ಔಷಧಿ, ಇನ್ನೊಂದಕ್ಕೆ ವಿಷ! ಬರೀ 'ಬ್ಯಾಟರಿ' ಎಂದಷ್ಟೇ ಹೇಳಿ, ಯಾವ ಜಾತಿಯದು ಎಂದು ತಿಳಿಸದ ಉಪದೇಶವನ್ನು ಅಲ್ಲೇ ಬಿಟ್ಟುಬಿಡುವುದು ಕ್ಷೇಮ.

ಎರಡನೆಯದು, ಯಾಕೆ ಎಂದು ಹೇಳಿದ್ದಾನೆಯೆ? ಚಾರ್ಜ್ ಆಗುವಾಗ ಸೀಸ-ಆಸಿಡ್ ಬ್ಯಾಟರಿಯಿಂದ ಕಡಿಮೆಯಾಗುವುದು ನೀರು; ಆಸಿಡ್ ಒಳಗೇ ಉಳಿಯುತ್ತದೆ. ಆದ್ದರಿಂದ ಹಾಕಬೇಕಾದ್ದು ಡಿಸ್ಟಿಲ್ಡ್ ವಾಟರ್. ಮೇಲಿಂದ ಆಸಿಡ್ ಸುರಿದರೆ ಅದರ ಕಟು ಹೆಚ್ಚಿ ಪ್ಲೇಟುಗಳನ್ನೇ ತಿನ್ನುತ್ತದೆ. ಕಾರಣ ಹೇಳುವವನ ಮಾತನ್ನು ಒರೆಗೆ ಹಚ್ಚಬಹುದು. 'ಮಾಡಿ ನೋಡಿ, ಮ್ಯಾಜಿಕ್' ಎನ್ನುವವನ ಮಾತನ್ನು ಒರೆಗೆ ಹಚ್ಚುವುದಾದರೂ ಹೇಗೆ?

ಮೂರನೆಯದು, ಲೆಕ್ಕ ಕೂಡುತ್ತದೆಯೆ? ಟಾರ್ಚಿಗೆ ಹಾಕುವ 18650 ಎಂಬ ಸೆಲ್ಲಿನ ದಪ್ಪ 18 ಮಿಲಿಮೀಟರ್, ಉದ್ದ 65. ಒಳ್ಳೆಯ ತಯಾರಕರ ಸೆಲ್ಲಿನಲ್ಲೂ ಅಷ್ಟು ಜಾಗದಲ್ಲಿ ಹಿಡಿಯುವುದು ಸುಮಾರು 3,500 ಎಂಎಎಚ್. ಆದರೆ ಅಗ್ಗದ ಸೆಲ್ಲಿನ ಮೈಮೇಲೆ 9,900 ಎಂದು ಅಚ್ಚಾಗಿರುತ್ತದೆ! ಸೇರಿನಲ್ಲಿ ಮೂರು ಸೇರು ಅಳೆದು ಕೊಡುತ್ತೇನೆ ಎಂದರೆ ಯಾವ ಗೃಹಿಣಿ ನಂಬಿಯಾಳು?

ಲೆಕ್ಕ ಅಂಗಡಿಯವನ ಮಾನವನ್ನೂ ಕಾಯುತ್ತದೆ. 10,000 ಎಂಎಎಚ್ ಪವರ್ ಬ್ಯಾಂಕು 5,000ದ ಫೋನನ್ನು ಎರಡು ಸಲ ತುಂಬಲಿಲ್ಲ, ಅಂಗಡಿಯವನು ಟೋಪಿ ಹಾಕಿದ ಎಂದು ಜಗಳಕ್ಕೆ ಬರುವವರಿದ್ದಾರೆ. ಆ ಹತ್ತು ಸಾವಿರ, ಒಳಗಿನ ಸೆಲ್ಲಿನ 3.7 ವೋಲ್ಟ್ ಲೆಕ್ಕದ್ದು. ಹೊರಗೆ 5 ವೋಲ್ಟಿನಲ್ಲಿ ಕೊಡುವಾಗ ಅದು 7,400ಕ್ಕೆ ಇಳಿಯುತ್ತದೆ. ಬಿಸಿಯಾಗಿ ಹೋಗುವುದನ್ನು ಕಳೆದರೆ ಇನ್ನೂ ಕಡಿಮೆ. ಇಲ್ಲಿ ಮೋಸವಿಲ್ಲ, ಬರೀ ಗುಣಾಕಾರ, ಭಾಗಾಕಾರ.

ನಾಲ್ಕನೆಯದು, ಹೇಳಿದವನಿಗೆ ಲಾಭವೇನು? ವಿಡಿಯೊದ ಕೆಳಗೇ 'ಇಲ್ಲಿ ಕೊಂಡುಕೊಳ್ಳಿ' ಎಂದಿದ್ದರೆ ಅದು ವಿಮರ್ಶೆಯಲ್ಲ, ಜಾಹೀರಾತು. ಐದು ನಕ್ಷತ್ರ ಕೊಟ್ಟವರ ಮಾತಿಗೂ ಇದೇ ತೂಕ. ಕೊಂಡ ಮರುದಿನವೇ 'ಸೂಪರ್' ಎಂದವನಿಗಿಂತ, ವರ್ಷ ಬಳಸಿ ಹೀಗಾಯ್ತು ಎಂದವನ ನಾಲ್ಕು ಸಾಲು ಮೇಲು.

ಇಷ್ಟಾದ ಮೇಲೂ ಅನುಮಾನ ಉಳಿದರೆ ವಸ್ತುವಿನ ಮೈಯನ್ನೇ ಓದಬೇಕು. ಪವರ್ ಬ್ಯಾಂಕಿಗೂ ಲಿಥಿಯಂ ಸೆಲ್ಲಿಗೂ ಭಾರತೀಯ ಮಾನಕ ಬ್ಯೂರೊದ ನೋಂದಣಿ ಕಡ್ಡಾಯ. 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಅಲ್ಲಿರಬೇಕು. ಬ್ಯೂರೊದ 'ಬಿಐಎಸ್ ಕೇರ್' ಆ್ಯಪಿನಲ್ಲಿ ಆ ಸಂಖ್ಯೆ ಒತ್ತಿದರೆ ತಯಾರಕರ ವಿವರ ಸಿಗುತ್ತದೆ. ಅಲ್ಲೊಂದು ಹೆಸರು, ಡಬ್ಬಿಯ ಮೇಲೊಂದು ಹೆಸರು ಇದ್ದರೆ ಸಾಮಾನು ವಾಪಸ್! ಸುಳ್ಳು ಹಬ್ಬಿಸುವ ಮೊಬೈಲೇ ಸತ್ಯ ತೋರಿಸಲೂ ಬಲ್ಲದು. ಒತ್ತುವ ಬೆರಳಿಗೆ ತಾಳ್ಮೆ ಬೇಕು.

ಇನ್ನು ವ್ಯಾಪಾರಿಗಳ ಕರ್ತವ್ಯ. ಬಿಲ್ಲಿನ ಮೇಲೆ ಬರೀ 'ಬ್ಯಾಟರಿ-1' ಎಂದು ಗೀಚಿದರೆ ಸಾಲದು. ಯಾವ ಜಾತಿ, ಎಷ್ಟು ಸಾಮರ್ಥ್ಯ, ನೋಂದಣಿ ಸಂಖ್ಯೆ ಏನು ಎಂದು ಬರೆದುಕೊಡಲಿ. ಗಿರಾಕಿಗೆ ಅರ್ಧ ನಿಮಿಷ ತಿಳಿಹೇಳಲಿ. ಹೊತ್ತು ಹೋಗುತ್ತದೆ, ನಿಜ. ಆದರೆ ಅಂಗಡಿಯವನು ಬಾಯಿಬಿಡದಿದ್ದ ಕಡೆ ಮೊಬೈಲು ಬಾಯಿಬಿಡುತ್ತದೆ. ನಕಲಿ ಮಾಲು ಬಯಲಲ್ಲೇ ಮಾರಾಟವಾಗುವಾಗ ತಪಾಸಣೆಯ ಅಧಿಕಾರ ಇರುವವರೂ ಕುರ್ಚಿ ಬಿಟ್ಟು ಒಮ್ಮೆ ಪೇಟೆ ಬೀದಿ ಸುತ್ತಲಿ.

ಊದಿಕೊಂಡ ಬ್ಯಾಟರಿಗೆ ಸೂಜಿ ಚುಚ್ಚಿ ಗಾಳಿ ತೆಗೆಯಿರಿ ಎನ್ನುವ ಪಂಡಿತ ನಾಳೆ ಮೊಬೈಲಿನಲ್ಲಿ ಬಂದಾನು. ಚುಚ್ಚಿದರೆ ಒಳಗೇ ಶಾರ್ಟ್ ಆಗಿ ಬೆಂಕಿ ಹತ್ತುವ ಅಪಾಯವಿದೆ. ಆಗ ಪಂಡಿತ ಪರದೆಯೊಳಗೆ ಸುಖವಾಗಿರುತ್ತಾನೆ. ಬೆಂಕಿ ಇರುವುದು ಕೇಳಿದವನ ಕೈಯಲ್ಲಿ.