ಕೈ ಚೆಂಡಿಗೋ, ಚೆಂಡು ಕೈಗೋ?

ನಾನು ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನು. ಕಾಲ್ಚೆಂಡಿನ ವಿಚಾರದಲ್ಲಿ ಬಾಯಿ ಹಾಕಲು ನನಗಿರುವ ಅಧಿಕಾರ ಇಷ್ಟೇ: ಹುಡುಗನಾಗಿದ್ದಾಗ ಕನಕಪುರದ ಮಣ್ಣಿನ ಬಯಲಿನಲ್ಲಿ ಬರಿಗಾಲಲ್ಲಿ ಆಡಿದ್ದೇನೆ, ಒಮ್ಮೆ ಗೋಲಿಗೆ ನುಗ್ಗುತ್ತಿದ್ದ ಚೆಂಡನ್ನು ಕೈಯಿಂದ ತಡೆದು, ಉಳಿದ ಆಟವನ್ನು ಹುಣಸೇಮರದ ಕೆಳಗೆ ಕುಳಿತು ನೋಡಿದ್ದೇನೆ. ಆ ದಿನ ನಮ್ಮ ವ್ಯಾಯಾಮದ ಮೇಷ್ಟರು ಬೈಯಲಿಲ್ಲ. "ಕೈ ಚೆಂಡಿಗೆ ಹೋಯಿತೋ, ಚೆಂಡು ಕೈಗೆ ಬಂತೋ?" ಎಂದಷ್ಟೇ ಕೇಳಿದರು. ನಿಜ ಹೇಳಿದೆ, ಹೊರಗೆ ನಡೆದೆ. ಮುಂದೆ ವ್ಯಾಕರಣ ಓದುವಾಗ ಕರ್ತೃ, ಕರ್ಮಗಳ ಭೇದ ನನಗೆ ಬೇಗ ತಲೆಗೆ ಹತ್ತಿದ್ದು ಆ ಪ್ರಶ್ನೆಯ ಪ್ರಸಾದವೇ ಇರಬೇಕು.

ಈಗ ಇದನ್ನು ನೆನೆಯಲು ಕಾರಣವುಂಟು. ಮಾಗಡಿಯ ಕಡೆಯಿಂದ ಬರುವ ನನ್ನ ವಿದ್ಯಾರ್ಥಿಯೊಬ್ಬ ರೆಫರಿಯ ಕೆಲಸವನ್ನು ಶ್ರದ್ಧೆಯಿಂದ ಕಲಿತು, ಭಾನುವಾರಗಳಲ್ಲಿ ಸಣ್ಣಪುಟ್ಟ ಪಂದ್ಯಗಳಿಗೆ ಸೀಟಿ ಊದಿ ಬಸ್ಸಿನ ಖರ್ಚು ಹುಟ್ಟಿಸಿಕೊಳ್ಳುತ್ತಿದ್ದ. ರಾಮನಗರದ ಒಂದು ಮೈದಾನದಲ್ಲಿ, ಓಡಿ ಬಂದು ತಿರುಗುತ್ತಿದ್ದ ಆಟಗಾರನ ಕೈಗೆ ಗೋಲಿನ ಗೆರೆಯ ಮೇಲೆ ಚೆಂಡು ಬಡಿಯಿತು. ಹುಡುಗ ಪೆನಾಲ್ಟಿ ಕೊಟ್ಟ, ಹಳದಿ ಕಾರ್ಡು ತೋರಿಸಿದ. ಕೂಡಲೇ ಹತ್ತಾರು ಜನ ಮುತ್ತಿಕೊಂಡರು. ಒಬ್ಬ ಮಹಾಶಯರು ಮೊಬೈಲು ಫೋನನ್ನು ಅವನ ಮೂಗಿಗೆ ಹಿಡಿದು, ಅದರಲ್ಲಿ ಟೈ ಕಟ್ಟಿ ಕುಳಿತ ಒಬ್ಬ ತಜ್ಞ "ಗೆರೆಯ ಮೇಲೆ ಕೈ ತಾಗಿದರೆ ಕೆಂಪು, ಬೇರೆ ಮಾತೇ ಇಲ್ಲ" ಎಂದು ಗುಡುಗುವುದನ್ನು ಕೇಳಿಸಿದರು. ತಳ್ಳಾಟದಲ್ಲಿ ಹುಡುಗನ ಅಂಗಿ ಹರಿಯಿತು. ಅಂದಿನಿಂದ ಅವನು ಸೀಟಿ ಮುಟ್ಟಿಲ್ಲ.

ಸರಿಯಾಗಿ ನಡೆದುಕೊಂಡವನು ಅವನೇ. ಕಾಲ್ಚೆಂಡಿನ ನಿಯಮಗಳನ್ನು ಬರೆಯುವ ಅಂತರರಾಷ್ಟ್ರೀಯ ಮಂಡಳಿ 2024ರಲ್ಲಿ ಹನ್ನೆರಡನೆಯ ನಿಯಮವನ್ನು ತಿದ್ದಿತು. ಖಚಿತ ಗೋಲೊಂದನ್ನು ಬೇಕೆಂದೇ ಕೈಯಿಂದ ತಡೆದರೆ ಮೊದಲಿನಂತೆ ಕೆಂಪು. ಉದ್ದೇಶವಿಲ್ಲದೆ ಕೈ ತಪ್ಪಿತಸ್ಥವಾಗಿ, ಅದಕ್ಕೆ ಪೆನಾಲ್ಟಿ ಕೊಟ್ಟಿದ್ದರೆ ಹಳದಿ ಸಾಕು. ಎದುರಾಳಿಗೆ ಗೋಲಿನ ಅವಕಾಶ ಹೇಗೂ ಮರಳಿ ಸಿಕ್ಕಿತಲ್ಲ, ಅರಿಯದೆ ಆದ ತಪ್ಪಿಗೆ ಎರಡೆರಡು ಶಿಕ್ಷೆ ಏಕೆ ಎಂಬುದು ಇದರ ಹಿಂದಿನ ವಿವೇಕ. ಬೇಕೆಂದು ತಡೆದವನ ಉದಾಹರಣೆ ಬೇಕಾದರೆ 2010ರ ಜುಲೈ 2ರಂದು ಜೊಹಾನ್ಸ್‌ಬರ್ಗಿನಲ್ಲಿ ನಡೆದದ್ದನ್ನು ನೆನೆಯಿರಿ. ಹೆಚ್ಚುವರಿ ವೇಳೆಯ ಕೊನೆಯ ಕ್ಷಣ, ಉರುಗ್ವೆಯ ಸುವಾರೆಸ್ ಗೆರೆಯ ಮೇಲೆ ನಿಂತು ಘಾನಾದ ಗೋಲನ್ನು ಎರಡೂ ಕೈಗಳಿಂದ ತಳ್ಳಿದ. ಕೆಂಪು ಕಾರ್ಡು ಬಂತು. ಪೆನಾಲ್ಟಿಯನ್ನು ಗ್ಯಾನ್ ಅಡ್ಡಪಟ್ಟಿಗೆ ಹೊಡೆದ. ಕೊನೆಗೆ ಗೆದ್ದದ್ದು ಉರುಗ್ವೆ. ಅಲ್ಲಿ ಕೈ ಚೆಂಡಿಗೆ ಹೋಗಿತ್ತು. ನನ್ನ ಹುಡುಗನ ಮುಂದೆ ಚೆಂಡು ಕೈಗೆ ಬಂದಿತ್ತು. ಈ ಭೇದವನ್ನು ಕಾಣಲಾರದವನು ಟೈ ಕಟ್ಟಿಕೊಂಡರೆಷ್ಟು, ಬಿಟ್ಟರೆಷ್ಟು?

ಈ ಕಾರ್ಡುಗಳ ಕಥೆಯೇ ಸ್ವಾರಸ್ಯವಾದುದು. 1966ರ ವಿಶ್ವಕಪ್ಪಿನಲ್ಲಿ ಇಂಗ್ಲೆಂಡು, ಅರ್ಜೆಂಟೀನಾಗಳ ಪಂದ್ಯದಲ್ಲಿ ಯಾರಿಗೆ ಎಚ್ಚರಿಕೆ, ಯಾರಿಗೆ ಗಡೀಪಾರು ಎಂಬುದು ಭಾಷೆಯ ತೊಡಕಿನಿಂದ ಗೋಜಲಾಯಿತು. ಕೆನ್ ಆಸ್ಟನ್ ಎಂಬ ರೆಫರಿ, ವೃತ್ತಿಯಲ್ಲಿ ಶಾಲಾ ಮೇಷ್ಟರು (ನಮ್ಮ ಕುಲದವರು ಎಂದು ಹೆಮ್ಮೆಪಡಲು ಅಡ್ಡಿಯಿಲ್ಲ), ರಸ್ತೆಯ ಸಂಚಾರದೀಪವನ್ನು ಕಂಡು ಹಳದಿ, ಕೆಂಪುಗಳ ಉಪಾಯ ಹೂಡಿದರು. 1970ರ ಮೆಕ್ಸಿಕೋ ವಿಶ್ವಕಪ್ಪಿನಲ್ಲಿ ಅವು ಬಳಕೆಗೆ ಬಂದವು. ಯಾವ ಭಾಷೆಯವನಿಗೂ ತಿಳಿಯಲಿ ಎಂದು ಹುಟ್ಟಿದ ಬಣ್ಣದ ಚೀಟಿಯನ್ನು ಇಂದು ಯಾರಿಗೂ ತಿಳಿಯದಂತೆ ಮಾಡುತ್ತಿರುವವರು ವಿವರಿಸುವುದಕ್ಕೆಂದೇ ಸಂಬಳ ಪಡೆಯುವ ಪಂಡಿತರು!

'ಪಂಡಿತ' ಎಂಬ ಶಬ್ದ ನಮ್ಮದೇ. ಇಲ್ಲಿಂದ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ, 'ಪಂಡಿಟ್' ಎಂದು ಉಚ್ಚಾರ ಕೆಡಿಸಿಕೊಂಡು, ಈಗ ಕ್ರೀಡಾ ವಾಹಿನಿಗಳ ಮೂಲಕ ತವರಿಗೆ ಮರಳಿದೆ. ಹೋಗುವಾಗ ಇದ್ದ ಶಾಸ್ತ್ರ ಮಾತ್ರ ಮರಳಿದಂತಿಲ್ಲ. ನಮ್ಮ ನ್ಯಾಯಶಾಸ್ತ್ರ ಚರ್ಚೆಯನ್ನು ಮೂರು ಬಗೆಯಾಗಿ ಕಂಡಿತು: ತತ್ತ್ವ ತಿಳಿಯಲು ವಾದ, ಗೆಲ್ಲಲು ಜಲ್ಪ, ತನ್ನದೆಂಬ ಪಕ್ಷವೇ ಇಲ್ಲದೆ ಎದುರಿನವನನ್ನು ಕೆಡವಲು ವಿತಂಡ. ವಾದ ಮಾಡುವವನು ಮೊದಲು ಪೂರ್ವಪಕ್ಷವನ್ನು, ಎಂದರೆ ಎದುರಾಳಿಯ ಮಾತನ್ನು, ಅವನಿಗಿಂತ ಚೆನ್ನಾಗಿ ಹೇಳಿ ತೋರಿಸಬೇಕು. ರೆಫರಿಯ ಪೂರ್ವಪಕ್ಷವನ್ನು ಹೇಳಿದ ಟೆಲಿವಿಷನ್ ಪಂಡಿತರು ಇಲ್ಲವೆನ್ನಲಾರೆ. ಅಂಥವರನ್ನು ಕೇಳಿ ನಾನೇ ಕಲಿತಿದ್ದೇನೆ. ಆದರೆ ಮಾಗಡಿಯ ಹುಡುಗನ ಮೂಗಿನ ತನಕ ಬರುವುದು ಅವರ ಮಾತಲ್ಲ, ಗುಡುಗಿದವರದು.

ನಮ್ಮ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಬಂದು ನೋಡಲಿ. ನೂಲು ತೆಗೆಯುವವನು ಗೂಡನ್ನು ಹಿಡಿಯಷ್ಟು ಎತ್ತಿ, ಒತ್ತಿ, ಕಿವಿಯ ಹತ್ತಿರ ಅಲುಗಿಸಿ, ಆಮೇಲೆ ಬೆಲೆ ಹೇಳುತ್ತಾನೆ. ಬೆಲೆ ಮೊದಲು ಕೂಗಿ ಗೂಡು ಆಮೇಲೆ ನೋಡುವವನು ಅಲ್ಲಿ ಒಂದು ವಾರ ಬದುಕಲಾರ.

ಬಿಡಿ, ನಾನೇನೂ ಸಂತನಲ್ಲ. 2023ರ ಮಾರ್ಚ್ 18ರಂದು ಗೋವೆಯಲ್ಲಿ ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯ. ಬೆಂಗಳೂರಿನ ರಾಯ್ ಕೃಷ್ಣರ ಕೈಗೆ ಚೆಂಡು ತಗಲಿ ಮೋಹನ್ ಬಾಗಾನಿಗೆ ಪೆನಾಲ್ಟಿ. ಕೊನೆಗೆ ಟೈಬ್ರೇಕರಿನಲ್ಲಿ ನಮಗೆ ಸೋಲು. 2025ರ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಮತ್ತೆ ಅದೇ ಎರಡು ತಂಡ, ಅದೇ ಅಂತಿಮ ಘಟ್ಟ. ಒಂದು ಗೋಲಿನಿಂದ ಮುಂದಿದ್ದಾಗ ಚಿಂಗ್ಲೆನ್ಸನಾ ಸಿಂಗರ ಕೈ, ಮತ್ತೆ ಪೆನಾಲ್ಟಿ, ಹೆಚ್ಚುವರಿ ವೇಳೆಯಲ್ಲಿ 2–1ರ ಸೋಲು. ಎರಡೂ ರಾತ್ರಿ ಚನ್ನಪಟ್ಟಣದ ನನ್ನ ಮನೆಯಲ್ಲಿ ನಾನು ರೆಫರಿಗೆ ಅಂದದ್ದನ್ನು ಈ ಪತ್ರಿಕೆ ಅಚ್ಚು ಹಾಕಲಾರದು. ಮರುದಿನ ಬಸ್‌ನಿಲ್ದಾಣದ ಹೋಟೆಲಿನಲ್ಲಿ, ಮಂಗಳವಾರ ತರಗತಿಯಲ್ಲಿ, ಕೇಳಿದ್ದು ಒಂದೇ ರಾಗ: ನಮ್ಮವರ ಕೈ ಸಹಜ, ಅವರ ಕೈ ಪಾತಕ.

ಈ ರಾಗಕ್ಕೆ ಶ್ರುತಿ ಹಿಡಿಯುವುದು ನಿಧಾನಗತಿಯ ಮರುಪ್ರದರ್ಶನ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುದನ್ನು ಹತ್ತು ಸೆಕೆಂಡು ಎಳೆದರೆ, ಬಡಪಾಯಿ ಆಟಗಾರ ಯೋಚಿಸಿ, ಸಂಚು ಹೂಡಿ, ಕೈ ಎತ್ತಿದಂತೆಯೇ ತೋರುತ್ತದೆ. 2016ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ಪ್ರಯೋಗದಿಂದ ಕಂಡುಕೊಂಡರು: ಒಂದೇ ದೃಶ್ಯವನ್ನು ನಿಧಾನವಾಗಿ ನೋಡಿದವರಿಗೆ ಅದರಲ್ಲಿ ಉದ್ದೇಶ ಹೆಚ್ಚಾಗಿ ಕಂಡಿತು. ಚೆಂಡು ಎಲ್ಲಿ ತಗಲಿತು ಎಂಬುದನ್ನು ನಿಧಾನಗತಿ ತೋರಿಸೀತು. ಏಕೆ ತಗಲಿತು ಎಂಬುದಕ್ಕೆ ನಿಜವಾದ ವೇಗವೇ ಬೇಕು. ಇಷ್ಟನ್ನು ಹೇಳಲು ಎಷ್ಟು ಹೊತ್ತು ಬೇಕು? ಜಾಹೀರಾತಿಗಿಂತ ಕಡಿಮೆ.

ಆಟ ತಾನೆ, ನಾಲ್ಕು ಜನ ಕೂಗಾಡಿದರೆ ಗಂಟೇನು ಹೋಯಿತು ಎನ್ನುವವರಿದ್ದಾರೆ. ಹೋದ ಗಂಟನ್ನು ಹೇಳುತ್ತೇನೆ. 2023ರ ಮಾರ್ಚ್ 3ರಂದು ಕಂಠೀರವ ಮೈದಾನದಲ್ಲಿ ಸುನಿಲ್ ಚೆಟ್ರಿ ಎದುರಾಳಿ ಗೋಡೆ ಕಟ್ಟಿಕೊಳ್ಳುವ ಮೊದಲೇ ಫ್ರೀಕಿಕ್ಕಿನಿಂದ ಗೋಲು ಹೊಡೆದರು. ಕೇರಳದ ತಂಡ ಮೈದಾನ ಬಿಟ್ಟು ನಡೆಯಿತು. ಮರುದಿನವೇ ರಿಯಾದಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು, 54 ವರ್ಷಗಳ ಮೇಲೆ! ಅದಕ್ಕೆ ಹಿಂದೆ ಗೆದ್ದಾಗ ನಮ್ಮ ನಾಡಿನ ಹೆಸರು ಇನ್ನೂ ಮೈಸೂರು. ಆ ವಾರವೆಲ್ಲ ನನ್ನ ಕಿವಿಗೆ ಬಿದ್ದದ್ದು ಫ್ರೀಕಿಕ್ಕಿನ ಜಗಳವೊಂದೇ. ತರಗತಿಯಲ್ಲಿ ಟ್ರೋಫಿಯ ಮಾತೆತ್ತಿದರೆ ಅರುವತ್ತು ಮಂದಿಯಲ್ಲಿ ಬಲ್ಲವರು ಇಬ್ಬರು. ಅವರಲ್ಲೊಬ್ಬ ಈ ಮಾಗಡಿಯ ಹುಡುಗ.

ನಿಯಮಗಳು ವರ್ಷಕ್ಕೊಮ್ಮೆ ಬದಲಾದರೆ ಪಂಡಿತನಾದರೂ ಏನು ಮಾಡಿಯಾನು ಎಂಬ ಆಕ್ಷೇಪವೂ ಉಂಟು. ಬದಲಾಗುವುದು ನಿಜ, ಹಾಗೆಂದೇ ಅವನಿಗೆ ಕೆಲಸ. ಬದಲಾದುದನ್ನು ಹೇಳಲು ಆಗದಿದ್ದರೆ ಕುರ್ಚಿ ಬಿಟ್ಟು ನಮ್ಮೊಡನೆ ಹೋಟೆಲಿನ ಬೆಂಚಿಗೆ ಬರಲಿ, ಕಾಫಿ ಕೊಡಿಸುತ್ತೇನೆ. ಕನ್ನಡದಲ್ಲಿ ವಿವರಣೆ ಕೊಡುವ ತರುಣರಿಗೂ ಒಂದು ಮಾತು. 'ಹ್ಯಾಂಡ್‌ಬಾಲ್' ಎಂದು ಕಿರುಚುವುದು ಕನ್ನಡವೂ ಅಲ್ಲ, ವಿವರಣೆಯೂ ಅಲ್ಲ. ನಮ್ಮ ಮೇಷ್ಟರ ಒಂದು ಪ್ರಶ್ನೆಯನ್ನು ಕೇಳಿ ಉತ್ತರಿಸಿದರೆ ಹಳ್ಳಿಯ ಅಜ್ಜಿಗೂ ಆಟ ತಿಳಿಯುತ್ತದೆ.

ಹುಡುಗನನ್ನು ಮರಳಿ ಮೈದಾನಕ್ಕೆ ಇಳಿಸಲು ನಾನೂ ಒಂದು ಉಪಾಯ ಹೂಡಿದ್ದೇನೆ. ಸಂಜೆ ತರಗತಿ ಮುಗಿದ ಮೇಲೆ ಇಬ್ಬರೂ ಕುಳಿತು ಹನ್ನೆರಡನೆಯ ನಿಯಮವನ್ನು ಕನ್ನಡಕ್ಕೆ ತರುತ್ತಿದ್ದೇವೆ, ಪಂದ್ಯಕ್ಕೆ ಮೊದಲು ಎರಡೂ ತಂಡಗಳಿಗೆ ಓದಿ ಹೇಳಲು. ಕೈ ಚಾಚಿ ಮೈಯ ವಿಸ್ತಾರ ಹೆಚ್ಚಿಸಿಕೊಳ್ಳುವುದು ತಪ್ಪೆಂಬ ಸಾಲಿಗೆ ನಾನು 'ದೇಹವನ್ನು ಅಸಹಜವಾಗಿ ಹಿಗ್ಗಿಸುವುದು' ಎಂದು ಬರೆದೆ. ಹುಡುಗ ಓದಿ ನಕ್ಕ. "ಸಾರ್, ಇದು ಕಾರ್ಡು ತೋರಿಸುವ ತಪ್ಪಲ್ಲ, ಊಟ ಹೆಚ್ಚಾದ ಹಾಗಿದೆ" ಎಂದ. ಆ ಸಾಲು ಇನ್ನೂ ಹಾಗೆಯೇ ಇದೆ.